ನನ್ನನ್ನು ಯಾರೂ ತಳ್ಳಲಿಲ್ಲ

ಹೋದ ಜೂನಿನಲ್ಲಿ ತಂಗಿಯ ಮೊಮ್ಮಗಳಿಗೆ ರೇನ್‌ಕೋಟ್ ಕೊಡಿಸಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಹರಿದು, ಕೋಟಿನ ಮಡಿಕೆ ಬಿಚ್ಚಿ ಒಮ್ಮೆ ಜೋರಾಗಿ ಕೊಡವಿದ. ಹೊಸ ನೈಲಾನಿನ ವಾಸನೆ ಮುಖಕ್ಕೆ ಬಡಿಯಿತು. "ಆಂಟಿ, ಸೈಜ್ ಸರಿ ಇದ್ಯಾ ನೋಡಿ" ಅಂತ ಅವನು ಕೇಳುತ್ತಲೇ ಇದ್ದ. ನಾನು ಬಟ್ಟೆಯನ್ನು ಬೆರಳಲ್ಲಿ ತಿಕ್ಕುತ್ತಾ ನಿಂತುಬಿಟ್ಟಿದ್ದೆ. ಆ ವಾಸನೆ ಬೇರೆಯವರಿಗೆ ಮಳೆಯದ್ದಿರಬಹುದು. ನನಗೆ ಅದು ವಿಮಾನದ್ದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ಮೂರು. ನಮ್ಮ ಮನೆ ಸಾರಕ್ಕಿಯ ಹಳೇ ಊರಿನೊಳಗೆ, ಕೆರೆಗೆ ಹೋಗುವ ದಾರಿಯಲ್ಲಿತ್ತು. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಪ್ರಾಯದಲ್ಲೇ ಬೌದ್ಧ ಧರ್ಮಕ್ಕೆ ಸೇರಿ, ಹುಟ್ಟಿದ ಮಗಳಿಗೆ ಸುಜಾತ ಅಂತ ಹೆಸರಿಟ್ಟಿದ್ದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಜೆ.ಪಿ. ನಗರದ ಅಂಚಿನ ಒಂದು ಶೆಡ್ಡಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದೆ. ಲಾರಿಗಳಿಗೆ ಟಾರ್ಪಾಲು, ಸ್ಕೂಲ್ ಬ್ಯಾಗು, ಸೊಂಟಕ್ಕೆ ಕಟ್ಟುವ ದಪ್ಪ ಪಟ್ಟಿ, ಇಂಥವನ್ನೆಲ್ಲ ನಾವು ಹೆಂಗಸರು ಸಾಲಾಗಿ ಕೂತು ಹೊಲಿಯುತ್ತಿದ್ದೆವು. ಮಳೆ ಬಂದರೆ ತಗಡಿನ ಸೂರಿನ ಸದ್ದಿಗೆ ಪಕ್ಕದ ಮೆಷಿನ್ನಿನವಳು ಹೇಳಿದ್ದೂ ಕೇಳುತ್ತಿರಲಿಲ್ಲ.

ಅಂಥ ಒಂದು ಮಳೆಯ ದಿನ ವಿಲ್ಸನ್ ಗಾರ್ಡನ್ನಿನ ತಂಗವೇಲು ಸ್ಕೂಟರಿನ ಹಿಂದೆ ದೊಡ್ಡ ಗಂಟೊಂದನ್ನು ಕಟ್ಟಿಕೊಂಡು ಬಂದರು. ಏರ್‌ಫೋರ್ಸಿನಲ್ಲಿ ಸೈನಿಕರಿಗೆ ಪ್ಯಾರಾಚೂಟ್ ಹಾರುವುದನ್ನು ಕಲಿಸಿ ನಿವೃತ್ತರಾಗಿದ್ದವರು. ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದರೆ ಬಟ್ಟೆ ಮುಗಿಯಲೇ ಇಲ್ಲ. ಮೇಜು ತುಂಬಿ, ನೆಲಕ್ಕಿಳಿದು, ಟಾರ್ಪಾಲಿನ ರಾಶಿಯವರೆಗೂ ಹೋಯಿತು. ಬಿಳಿ, ಕಿತ್ತಳೆ, ಬಿಳಿ, ಕಿತ್ತಳೆ. ಹಳೇ ಪ್ಯಾರಾಚೂಟು, ಒಂದೆರಡು ಕಡೆ ಹರಿದಿತ್ತು.

ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಹೊಲಿಯುತ್ತಾ ಕೇಳಿದೆ. "ಸಾರ್, ಇದನ್ನ ಕಟ್ಕೊಂಡೇ ಹಾರ್ತಾರಾ?"

"ಇದನ್ನಲ್ಲಮ್ಮ. ಇದಕ್ಕೆ ವಯಸ್ಸಾಯ್ತು. ಇದು ನೆಲದ ಮೇಲೆ ಪ್ರಾಕ್ಟೀಸ್ ಮಾಡೋಕೆ. ಹಾರೋದು ಬೇರೆ ಇದೆ, ಅದನ್ನ ನಾನು ಯಾರ ಕೈಗೂ ಕೊಡಲ್ಲ."

"ಹಾರ್ಬೇಕು ಅಂದ್ರೆ ಏನ್ ಬೇಕು?"

ಮೆಷಿನ್ನುಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಅಲ್ಲಿಂದಲೇ, "ಮೊದ್ಲು ಓಡೋ ಬಸ್ಸಿಂದ ಇಳಿಯೋದು ಕಲಿ" ಅಂದ. ತಂಗವೇಲು ಸಾರ್ ಮಾತ್ರ ನಗಲಿಲ್ಲ. ಮೇಜಿನ ಆ ಕಡೆಯಿಂದ ನನ್ನನ್ನು ನೋಡಿ, "ಮೊಣಕಾಲು ಗಟ್ಟಿ ಇರ್ಬೇಕು. ಹೇಳಿದ ಮಾತು ಕೇಳ್ಬೇಕು. ಧೈರ್ಯ ಗೀರ್ಯ ಆಮೇಲೆ" ಅಂದರು.

"ನಂಗೆ ಎರಡೂ ಇದೆ. ಎಲ್ಲಿಗೆ ಬರ್ಬೇಕು?"

ಯಾಕೆ ಹಾಗೆ ಕೇಳಿದೆ ಅಂತ ಆಮೇಲೆ ಎಷ್ಟೋ ಜನ ವಿಚಾರಿಸಿದ್ದಾರೆ. ಚಿಕ್ಕಂದಿನಲ್ಲಿ ವಿಮಾನ ನೋಡುತ್ತಾ ಕನಸು ಕಂಡಿದ್ದೆ ಅಂತ ಹೇಳಿದರೆ ಕೇಳುವವರಿಗೆ ಸಮಾಧಾನ. ಅಂಥದ್ದೇನೂ ಇರಲಿಲ್ಲ. ಆ ಬಟ್ಟೆ ಅಷ್ಟು ದೊಡ್ಡದಿತ್ತು, ಅದರ ಕೆಳಗೆ ತೂಗಾಡಬೇಕು ಅನ್ನಿಸಿತು. ಮೇಸ್ತ್ರಿ ನಕ್ಕ ಮೇಲೆ ಹಟವೂ ಬಂತು.

ಪ್ರತಿ ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಒಂದು ಬಯಲಿನಲ್ಲಿ ತರಬೇತಿ. ಆಗ ಅಲ್ಲೆಲ್ಲ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಮಧ್ಯೆ ಸಜ್ಜಾದವರೆಗೆ ಎದ್ದು ನಿಂತಿದ್ದ ಒಂದು ಮನೆ, ಅದರ ಮುಂದೆ ಮರಳಿನ ರಾಶಿ. ಮನೆ ಕಟ್ಟಿಸುತ್ತಿದ್ದವರು ರಘುನಂದನ್, ಹಾರುವ ಕ್ಲಬ್ಬಿನ ಸೆಕ್ರೆಟರಿ. ಸುತ್ತ ಏಳೆಂಟು ಇಂಜಿನಿಯರಿಂಗ್ ಕಾಲೇಜು ಹುಡುಗರು. ನಾನು ಸೀರೆ ಉಟ್ಟು, ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತೆ.

"ನಮ್ಮಲ್ಲಿ ಲೇಡೀಸ್ ಇಲ್ಲಮ್ಮ" ಅಂದರು ರಘುನಂದನ್.

"ಸೇರಿಸ್ಕೊಂಡ್ರೆ ಇರ್ತಾರೆ ಸಾರ್."

ಹುಡುಗರು ಗೊಳ್ಳೆಂದರು. ರಘುನಂದನ್ ನಗಲಿಲ್ಲ. "ಸರಿ, ನಿಮ್ಮ ತಂದೆಯವರ ಸಹಿ ತಗೊಂಡ್ಬನ್ನಿ. ಒಪ್ಪಿಗೆ ಇದೆ ಅಂತ ಬರ್ಕೊಡ್ಲಿ" ಅಂದರು.

ನಾನು ಹುಡುಗರ ಕಡೆ ತಿರುಗಿದೆ. ಮೀಸೆ ಸರಿಯಾಗಿ ಚಿಗುರದವರೂ ಇದ್ದರು. "ನಿಮ್ಮೆಲ್ಲರ ಅಪ್ಪಂದಿರೂ ಸಹಿ ಹಾಕಿದಾರಾ?"

ಒಬ್ಬ ತಲೆ ಕೆರೆದುಕೊಂಡ. ಇನ್ನೊಬ್ಬ, ಮನೆಯಲ್ಲಿ ಕ್ರಿಕೆಟ್ ಆಡೋಕೆ ಹೋಗ್ತೀನಿ ಅಂತ ಹೇಳಿ ಬಂದಿದ್ದೀನಿ ಅಂದ.

"ಹಂಗಾದ್ರೆ ನಂದೂ ಬೇಡ ಸಾರ್. ನಂಗೆ ಇಪ್ಪತ್ಮೂರು ವರ್ಷ. ನನ್ನ ಸಹಿ ನಾನೇ ಹಾಕ್ತೀನಿ."

ರಘುನಂದನ್ ಮುಖ ಕೆಂಪಾಯಿತು. ಅಷ್ಟರಲ್ಲಿ ತಂಗವೇಲು ಸಾರ್ ಅಡ್ಡ ಬಂದು, "ಟ್ರೈನಿಂಗ್ ಮಾಡ್ಲಿ ಸಾರ್. ಆಗ್ಲಿಲ್ಲ ಅಂದ್ರೆ ತಾನೇ ಬಿಟ್ಟು ಹೋಗ್ತಾಳೆ" ಅಂದರು. ಆ ಕೊನೆಯ ಮಾತು ಸೆಕ್ರೆಟರಿಗೆ ಹಿಡಿಸಿತು. ನನಗೆ ಹಟ ಬರಲಿ ಅಂತಲೇ ಅದನ್ನು ಅಂದರೋ, ಹಾಗೇ ಅಂದರೋ ಗೊತ್ತಿಲ್ಲ. ಬಿಟ್ಟು ಹೋಗಬಾರದು ಅನ್ನುವುದು ಮಾತ್ರ ಆ ಗಳಿಗೆಯಲ್ಲೇ ನನ್ನೊಳಗೆ ಗಟ್ಟಿಯಾಯಿತು.

ಸೀರೆಯಲ್ಲಿ ಹಾರುವುದು ಆಗದ ಮಾತು. ಶೆಡ್ಡಿನಲ್ಲಿ ನನ್ನ ಪಕ್ಕದ ಮೆಷಿನ್ನಿನ ಫಾತಿಮಕ್ಕ, ಮೂಲೆಗೆ ಬಿದ್ದಿದ್ದ ಖಾಕಿ ತುಂಡುಗಳನ್ನು ಜೋಡಿಸಿ ಊಟದ ಬಿಡುವಿನಲ್ಲಿ ಪ್ಯಾಂಟು ಹೊಲಿದುಕೊಟ್ಟರು. "ಮಂಡಿ ಹತ್ರ ಎರಡು ಪದರ ಹಾಕಿದ್ದೀನಿ ಸುಜಾ. ಬಿದ್ರೂ ಹರಿಯಲ್ಲ" ಅಂದರು. ಸಾರಕ್ಕಿಯ ಹಳೇ ಊರಿನಲ್ಲಿ ಪ್ಯಾಂಟು ಹಾಕಿಕೊಂಡು ಬೀದಿಗಿಳಿದ ಹೆಂಗಸರು ಆವರೆಗೆ ಯಾರೂ ಇರಲಿಲ್ಲ. ಮುಂದಿನ ಭಾನುವಾರ ನಾನು ಇಳಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರು ತಿರುಗಿ ನೋಡಿದರು. ಒಬ್ಬರು ಕೇಳಿಯೇಬಿಟ್ಟರು. "ಏನಮ್ಮ, ಪೊಲೀಸ್ ಕೆಲ್ಸ ಸಿಕ್ತಾ?"

"ಇಲ್ಲ ಮಾವ. ಪ್ಲೇನಿಂದ ಹಾರೋ ಕೆಲ್ಸ."

ಅವರು ಅದನ್ನು ತಮಾಷೆ ಅಂದುಕೊಂಡರು. ಮನೆಯಲ್ಲಿ ಯಾರೂ ತಮಾಷೆ ಅಂದುಕೊಳ್ಳಲಿಲ್ಲ. ಬೇಡ ಅಂದರೆ ಬೇಡ ಅಂತ ಅಪ್ಪ ಹೇಳಿದ. ಅಮ್ಮ ಒಲೆಯ ಮುಂದೆ ಕೂತು, "ಕಾಲು ಮುರ್ಕೊಂಡು ಬಂದ್ರೆ ಯಾರು ಮದ್ವೆ ಆಗ್ತಾರೆ ನಿನ್ನ?" ಅಂದಳು.

"ಎರಡು ಕಾಲು ನೆಟ್ಟಗಿದ್ದಾಗ್ಲೂ ಯಾರೂ ಬಂದಿಲ್ವಲ್ಲಮ್ಮ."

ಅದಕ್ಕೆ ಅವಳು ಮಾತೇ ಬಿಟ್ಟಳು. ತಟ್ಟೆ ಮುಂದಿಡುವಳು, ನೀರಿಡುವಳು, ನನ್ನ ಮುಖ ಮಾತ್ರ ನೋಡಳು. ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಪಾತ್ರೆಗಳ ಸದ್ದೇ ಮಾತಾಗಿತ್ತು.

ತರಬೇತಿ ಅಂದರೆ ಮುಕ್ಕಾಲು ಪಾಲು ಬೀಳುವುದನ್ನು ಕಲಿಯುವುದು. ಮೊದಮೊದಲು ಒಂದು ಇಟ್ಟಿಗೆ ಗೋಡೆಯಿಂದ, ಆಮೇಲೆ ಸಜ್ಜಾದಿಂದ ಮರಳಿನ ಮೇಲೆ. ಪಾದ ಎರಡೂ ಜೋಡಿಸಬೇಕು, ಮಂಡಿ ಸ್ವಲ್ಪ ಮಡಚಬೇಕು, ಗದ್ದ ಎದೆಗೆ ಒತ್ತಬೇಕು. ನೆಲ ತಾಕಿದ ತಕ್ಷಣ ನೆಟ್ಟಗೆ ನಿಲ್ಲಲು ಹೋಗದೆ ಒಂದು ಪಕ್ಕಕ್ಕೆ ಉರುಳಬೇಕು. ಮೀನಖಂಡ, ತೊಡೆ, ಸೊಂಟ, ಬೆನ್ನಿನ ಒಂದು ಬದಿ, ಹೀಗೆ ಪೆಟ್ಟನ್ನು ಮೈಗೆಲ್ಲ ಹಂಚಿಬಿಡಬೇಕು. "ನಿಲ್ಲೋಕೆ ಹೋದವನ ಕಾಲು ಮುರಿಯುತ್ತೆ" ಅಂತ ತಂಗವೇಲು ಸಾರ್ ಪ್ರತಿ ವಾರ ಹೇಳುತ್ತಿದ್ದರು. ಮಳೆ ಬಿದ್ದ ಮರಳು ಸಿಮೆಂಟಿನ ಹಾಗೆ ಗಟ್ಟಿ. ಮನೆಗೆ ಬಂದು ಕೂದಲು ಬಿಚ್ಚಿದರೆ ತಲೆಯಿಂದ ಹಿಡಿ ಮರಳು ಉದುರುತ್ತಿತ್ತು.

ಗಾಳಿ ಜೋರಿದ್ದ ದಿನ ನಾನೇ ತೇಪೆ ಹಾಕಿದ ಆ ಹಳೇ ಪ್ಯಾರಾಚೂಟನ್ನು ನೆಲದ ಮೇಲೆ ಹರಡುತ್ತಿದ್ದರು. ಅದರ ಪಟ್ಟಿಗಳನ್ನು ನಮ್ಮ ಮೈಗೆ ಬಿಗಿದು, ಇಬ್ಬರು ಅಂಚು ಹಿಡಿದೆತ್ತಿದರೆ ಸಾಕು, ಗಾಳಿ ತುಂಬಿ ದರದರನೆ ಎಳೆದುಕೊಂಡು ಹೋಗುತ್ತಿತ್ತು. ಎಳೆಸಿಕೊಳ್ಳುತ್ತಲೇ ಹೊರಳಿ, ಎದ್ದು, ಅದಕ್ಕಿಂತ ಮುಂದೆ ಓಡಿ ಸುತ್ತು ಹಾಕಬೇಕು. ಆಗ ಗಾಳಿ ಖಾಲಿಯಾಗಿ ಬಟ್ಟೆ ಮಲಗುತ್ತದೆ. ಹುಡುಗರಿಗೆ ಅದು ಆಟ. ನಾನು ಹಗುರ, ನನ್ನನ್ನು ಎಲ್ಲರಿಗಿಂತ ದೂರ ಎಳೆದುಕೊಂಡು ಹೋಗುತ್ತಿತ್ತು. ಬರಬರುತ್ತಾ ಹುಡುಗರು ನಗುವುದನ್ನು ಬಿಟ್ಟು, "ಅಕ್ಕ, ಎದ್ದೇಳಿ, ಓಡಿ" ಅಂತ ಕೂಗಲು ಶುರು ಮಾಡಿದರು.

ಸೆಪ್ಟೆಂಬರಿನಲ್ಲಿ ಸಜ್ಜಾದಿಂದ ಹಾರುವಾಗ ಪಾದ ಜೋಡಿಸುವುದು ತಪ್ಪಿತು. ಬಲಗಾಲಿನ ಹರಡು ಉಳುಕಿ ಊದಿಕೊಂಡಿತು. ಹುಡುಗರು ಆಟೋದಲ್ಲಿ ಮನೆಗೆ ತಂದುಬಿಟ್ಟರು. ಅಮ್ಮ ನೋಡಿದಳು, ಒಳಗೆ ಹೋದಳು, ಹರಳೆಣ್ಣೆ ಬಿಸಿ ಮಾಡಿ ತಂದಳು. ಒಂದು ಮಾತಿಲ್ಲ. ನೋವಾಗುವ ಹಾಗೇ ತಿಕ್ಕಿದಳು. ನಾನೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಅಯ್ಯೋ ಅಂದಿದ್ದರೆ ಅವಳು ಗೆದ್ದ ಹಾಗಾಗುತ್ತಿತ್ತು. ಕಾಲು ಸರಿಹೋಗುವವರೆಗೆ ಎಡಗಾಲಿನಲ್ಲಿ ಮೆಷಿನ್ ತುಳಿದೆ.

ರಘುನಂದನ್ ನಮ್ಮ ಮನೆಗೆ ಬಂದದ್ದು ಆಗಲೇ. ಅಪ್ಪನಿಗೆ ಅಂದು ರಜೆ. ಸೆಕ್ರೆಟರಿ ಹೊಸಿಲಿನ ಹೊರಗೇ ನಿಂತರು. ಅಪ್ಪ ಬನ್ನಿ ಅಂದರೂ ಒಳಗೆ ಬರಲಿಲ್ಲ. ಅವರ ಕಣ್ಣು ಗೋಡೆಯ ಮೇಲಿದ್ದ ಬುದ್ಧನ ಪಟದ ಮೇಲೆ, ಅಲ್ಲಿಂದ ನಮ್ಮ ಬೀದಿಯ ಮೇಲೆ ಹೋಗಿ ಬಂತು. ಅಮ್ಮ ಮಜ್ಜಿಗೆ ತಂದು ಚಾಚಿದಳು.

"ಬೇಡಮ್ಮ, ಈಗಷ್ಟೇ ಮನೇಲಿ ಎಲ್ಲ ಆಯ್ತು" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ನೋಡಿ, ಮಗಳಿಗೆ ನೀವೇ ಬುದ್ಧಿ ಹೇಳ್ಬಿಡಿ. ಅಲ್ಲಿ ಬರೋರೆಲ್ಲ ಒಳ್ಳೆ ಮನೆ ಹುಡುಗ್ರು. ನಾಳೆ ಏನಾದ್ರೂ ಆದ್ರೆ ಕ್ಲಬ್ಬಿಗೆ ಕೆಟ್ಟ ಹೆಸರು. ನಿಮ್ಮಂಥೋರಿಗೂ ಯಾಕೆ ಬೇಕು ಇದೆಲ್ಲ?" ಅಂದರು.

"ನೋಡೋಣ ಸಾರ್" ಅಂದ ಅಪ್ಪ. ಅವರು ಹೋದರು.

ಸ್ವಲ್ಪ ಹೊತ್ತಿಗೆ ಅಪ್ಪ ಬೀಡಿ ತರಲು ಅಂಗಡಿಗೆ ಹೋದ. ಬೀಡಿ ತರದೆ ಬಂದ. ಚಾಪೆಯ ಮೇಲೆ ಕೂತ. "ಆ ಸೆಕ್ರೆಟರಿ ಅಲ್ಲಿ ಟೀ ಅಂಗಡೀಲಿ ನಿಂತ್ಕೊಂಡು ಟೀ ಕುಡೀತವ್ನೆ" ಅಂದ. ಅಮ್ಮನ ಕೈಯಲ್ಲಿ ಮಜ್ಜಿಗೆಯ ಲೋಟ ಇನ್ನೂ ಹಾಗೇ ಇತ್ತು.

ಆಮೇಲೆ ಅಪ್ಪ ನನ್ನ ಕಾಲನ್ನು ನೋಡಿದ. "ಊತ ಇಳಿದಿದ್ಯಾ?"

"ಇಳೀತಾ ಇದೆ."

"ಸಹಿ ಬೇಕು ಅಂದಿದ್ರಂತೆ ನಂದು. ನೀನು ಬೇಡ ಅಂದ್ಯಂತೆ."

"ಹೂಂ."

"ಹಂಗೇ ಇರು. ನಾನು ಹಾಕಲ್ಲ. ನಿಂದೇ ಹಾಕು. ಕಾಲು ಸರಿಯಾದ್ಮೇಲೆ ಹೋಗು, ಸರಿಯಾಗಿ ಕಲಿ."

ಅಮ್ಮ ಆ ಮಜ್ಜಿಗೆಯನ್ನು ತಾನೇ ಗಟಗಟನೆ ಕುಡಿದು ಒಳಗೆ ಹೋದಳು. ಅವಳ ಸಿಟ್ಟು ನನ್ನ ಮೇಲೋ ಬಂದಿದ್ದವರ ಮೇಲೋ ಗೊತ್ತಾಗಲಿಲ್ಲ.

ದೀಪಾವಳಿಯ ಜಡಿ ಮಳೆ ಕಳೆದ ಮೇಲೆ ಮತ್ತೆ ಬಯಲಿಗೆ ಹೋದೆ. ರಘುನಂದನ್ ನನ್ನನ್ನು ನೋಡಿಯೂ ನೋಡದ ಹಾಗಿದ್ದರು. ನಾನು ಸಜ್ಜಾ ಹತ್ತಿ, ಯಾವ ಜಾಗದಿಂದ ಬಿದ್ದಿದ್ದೆನೋ ಅಲ್ಲಿಂದಲೇ ಹಾರಿದೆ. ಉರುಳಿ ಎದ್ದು ನಿಂತಾಗ ತಂಗವೇಲು ಸಾರ್ ತಲೆಯಾಡಿಸಿದರು. ಅವರ ಬಾಯಿಂದ ಶಭಾಷ್ ಅನ್ನುವುದನ್ನು ನಾನು ಕೇಳಿಯೇ ಇಲ್ಲ. ತಲೆಯಾಡಿಸುವುದೇ ದೊಡ್ಡದು.

ಸಂಕ್ರಾಂತಿ ಮುಗಿದ ಮೇಲೆ ವಿಮಾನ ಸಿಕ್ಕಿತು. ಊರಿನ ಆ ತುದಿಯಲ್ಲಿ, ಜಕ್ಕೂರಿನ ಬಯಲಿನಲ್ಲಿ ಹಾರಾಟ. ಬೆಳಕು ಹರಿಯುವ ಮೊದಲೇ ಎರಡು ಬಸ್ಸು ಬದಲಿಸಿ ಹೋದೆ. ಹೆಸರು ಕೂಗಿದರು. ನನ್ನದು ಎಲ್ಲರಿಗಿಂತ ಕೊನೆಗಿತ್ತು. ಹುಡುಗರು ಮೂವರು ಮೂವರಾಗಿ ಹೋಗಿ ಹಾರಿದರು. ನನ್ನ ಸರದಿ ಬರುವಷ್ಟರಲ್ಲಿ ಬಿಸಿಲೇರಿ ಗಾಳಿ ಎದ್ದಿತು. ತಂಗವೇಲು ಸಾರ್ ಗಾಳಿ ಎಷ್ಟಿದೆ ಅಂತ ತೋರಿಸುವ ಕಂಬದ ಮೇಲಿನ ಬಟ್ಟೆಚೀಲ ನೋಡಿ ಬೇಡ ಅಂದರು. ಗಾಳಿಯ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. "ಪಾಪ, ಮುಂದಿನ ವರ್ಷ ನೋಡೋಣ ಬಿಡಿ" ಅಂದರು ರಘುನಂದನ್.

"ಮುಂದಿನ ವಾರ ನೋಡೋಣ ಸಾರ್. ವಿಮಾನ ಇನ್ನೊಂದು ವಾರ ಇದೆ ಅಂತ ನೀವೇ ಹೇಳಿದ್ರಲ್ಲ."

ಮುಂದಿನ ಭಾನುವಾರ ನಾನು ಇನ್ನೂ ಬೇಗ ಹೋದೆ. ಮಂಜು ಕವಿದಿತ್ತು. ಪೈಲಟ್ಟು ಬರುವ ಮೊದಲೇ ಮೈಗೆ ಪಟ್ಟಿ ಬಿಗಿಸಿಕೊಂಡು, ವಿಮಾನದ ಚಕ್ರದ ಪಕ್ಕ ಹುಲ್ಲಿನ ಮೇಲೆ ಕೂತುಬಿಟ್ಟೆ. ರಘುನಂದನ್ ಬಂದು ಲಿಸ್ಟಿನಲ್ಲಿ ನಿಮ್ಮ ಹೆಸರು ಕೊನೆಗಿದೆ ಅಂದರು.

"ಹೋದ ವಾರ ಕೊನೆಗಿದ್ದೆ ಸಾರ್. ಈ ವಾರ ಮೊದಲು. ಇಲ್ಲಿಂದ ಏಳಲ್ಲ."

ಹುಡುಗರಲ್ಲೊಬ್ಬ, ಅಪ್ಪನಿಗೆ ಕ್ರಿಕೆಟ್ ಅಂತ ಹೇಳಿ ಬರುತ್ತಿದ್ದನಲ್ಲ, ಅವನು, "ಅಕ್ಕ ಹೋಗ್ಲಿ ಬಿಡಿ ಸಾರ್, ನಾವು ಆಮೇಲೆ ಹೋಗ್ತೀವಿ" ಅಂದ. ಉಳಿದವರೂ ಹೂಂ ಅಂದರು. ತಂಗವೇಲು ಸಾರ್ ಯಾರ ಮಾತಿಗೂ ಕಾಯದೆ ನನ್ನ ಬೆನ್ನಿನ ಪಟ್ಟಿಗಳನ್ನು ಎಳೆದೆಳೆದು ನೋಡುತ್ತಿದ್ದರು.

ಅದು ಸಣ್ಣ ವಿಮಾನ. ಒಂದು ಬದಿಯ ಬಾಗಿಲನ್ನೇ ಕಳಚಿಟ್ಟಿದ್ದರು. ಹೊಸಬರು ಪ್ಯಾರಾಚೂಟನ್ನು ತಾವೇ ಬಿಚ್ಚುವುದಿಲ್ಲ. ಅದಕ್ಕೆ ಸೇರಿದ ಉದ್ದನೆಯ ಪಟ್ಟಿಯೊಂದನ್ನು ವಿಮಾನದೊಳಗೆ ಕೊಂಡಿಗೆ ಸಿಕ್ಕಿಸಿರುತ್ತಾರೆ. ನಾವು ಕೆಳಗೆ ಹೋದ ಹಾಗೆ ಅದು ಎಳೆದು ಬಿಚ್ಚುತ್ತದೆ. ಆ ಕೊಂಡಿಯನ್ನು ಸಿಕ್ಕಿಸಿ, ಜಗ್ಗಿ, ನನಗೂ ಜಗ್ಗಿ ನೋಡು ಅಂದರು ತಂಗವೇಲು ಸಾರ್. ಜಗ್ಗಿದೆ. ಮಂಜು ಕರಗಿದ ಮೇಲೆ ವಿಮಾನ ಏರಿತು. ಕೆರೆಗಳು ಬಿಸಿಲಿಗೆ ತಗಡಿನ ಹಾಗೆ ಹೊಳೆದವು. ದಕ್ಷಿಣದ ಕಡೆ ನಮ್ಮೂರಿರಬೇಕು ಅಂತ ನೋಡಿದರೆ ಬರೀ ಮಬ್ಬು.

ಭಯವಾಗಲಿಲ್ಲವೇ ಅಂತ ಕೇಳುತ್ತಾರೆ. ಆಯಿತು. ಬಾಗಿಲಿನ ಹೊರಗೆ ಕಾಲಿಟ್ಟು, ಚಕ್ರದ ಮೇಲಿನ ಮೆಟ್ಟಿಲ ಮೇಲೆ ನಿಂತು, ರೆಕ್ಕೆಗೆ ಆಸರೆಯಾಗಿದ್ದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಾಗ ಗಾಳಿ ಕೆನ್ನೆಯನ್ನೇ ಕಿತ್ತುಕೊಂಡು ಹೋಗುವ ಹಾಗಿತ್ತು. ತಂಗವೇಲು ಸಾರ್ ನನ್ನ ಕಡೆ ಬಾಗಿ ಕೂಗಿದರು. "ಆಗಲ್ಲ ಅಂದ್ರೆ ಒಳಗೆ ಬಾಮ್ಮ. ತಪ್ಪಿಲ್ಲ."

ಆ ಮಾತಿಗೆ ಅವರಿಗೆ ನಾನು ಇವತ್ತಿಗೂ ಋಣಿ. ಅಷ್ಟು ತಿಂಗಳಲ್ಲಿ ನನ್ನನ್ನು ತಡೆಯದೆ, ತಳ್ಳದೆ, ನಿನಗೆ ಬಿಟ್ಟದ್ದು ಅಂದವರು ಅವರೊಬ್ಬರೇ. ಒಳಗೆ ಬರಲ್ಲ ಅಂತ ತಲೆಯಲ್ಲಾಡಿಸಿದೆ. ಅವರು ನನ್ನ ತೊಡೆಯ ಮೇಲೆ ಒಂದು ಪೆಟ್ಟು ಕೊಟ್ಟರು, ಅದೇ ಸೂಚನೆ. ಕೈ ಬಿಟ್ಟೆ.

ಮೊದಲ ಕ್ಷಣ ಏನೂ ನೆನಪಿಲ್ಲ. ಆಮೇಲೆ ಭುಜ ಹಿಡಿದು ಯಾರೋ ಮೇಲಕ್ಕೆತ್ತಿದ ಹಾಗೆ ಒಂದು ಜಗ್ಗು. ತಲೆಯೆತ್ತಿದೆ. ಗುಂಡಗೆ, ತುಂಬಿಕೊಂಡು, ಬಟ್ಟೆ ನಿಂತಿತ್ತು. ವಿಮಾನದ ಸದ್ದು ದೂರ ಹೋಯಿತು. ಆ ಮೌನದ ಬಗ್ಗೆ ಏನು ಹೇಳಲಿ? ಹುಟ್ಟಿದಾಗಿನಿಂದ ಯಾರಾದರೊಬ್ಬರು ನನಗೆ ಏನಾದರೊಂದು ಹೇಳುತ್ತಲೇ ಇದ್ದರು. ಅಲ್ಲಿ ಹೇಳಲು ಯಾರೂ ಇರಲಿಲ್ಲ. ನನ್ನ ಕಾಲ ಕೆಳಗೆ ಯಾರದೂ ಅಲ್ಲದ ಗಾಳಿ. ಜೋರಾಗಿ ನನ್ನ ಹೆಸರನ್ನೇ ಕೂಗಿದೆ. ಯಾಕೆ ಅಂತ ಗೊತ್ತಿಲ್ಲ, ಕೂಗಿದೆ.

ಇಳಿಯಬೇಕಾದ ಬಿಳಿ ಗುರುತು ಒಂದು ಕಡೆ ಇತ್ತು, ಗಾಳಿ ನನ್ನನ್ನು ಇನ್ನೊಂದು ಕಡೆ ತಂದಿತು. ಕೊಯ್ದ ರಾಗಿ ಹೊಲದಲ್ಲಿ ಬಿದ್ದೆ. ಪಾದ ಜೋಡಿಸಿದ್ದೆ, ಉರುಳಿದೆ. ಬಟ್ಟೆ ಮತ್ತೆ ಗಾಳಿ ತುಂಬಿಕೊಂಡು ಕೂಳೆಗಳ ಮೇಲೆ ಎಳೆಯಿತು. ಹೊರಳಿ, ಎದ್ದು, ಓಡಿ ಸುತ್ತು ಹಾಕಿದೆ. ಮಲಗಿತು. ಅವರೆಕಾಯಿ ಬಿಡಿಸುತ್ತಿದ್ದ ಒಬ್ಬ ಹೆಂಗಸು ಮಡಿಲಿನ ಕಾಯಿ ಚೆಲ್ಲಿಕೊಂಡು ಓಡಿಬಂದರು. ನನ್ನ ಹೆಲ್ಮೆಟ್ಟು, ಪ್ಯಾಂಟು, ಉದ್ದ ಜಡೆ ನೋಡಿ ಅವರಿಗೆ ದಿಗಿಲು.

"ಹೆಣ್ಣೆಂಗ್ಸು ಕಣವ್ವ ನೀನು. ಯಾರವ್ವ ತಳ್ಳಿದ್ದು ನಿನ್ನ?"

"ಯಾರೂ ತಳ್ಳಲಿಲ್ಲಮ್ಮ. ನಾನೇ ಹಾರ್ದೆ."

"ನೀನೇ?" ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು. "ಯಾಕೆ?"

ಉತ್ತರ ಹೇಳಲು ಹೋಗಿ ನಗು ಬಂತು. ಅವರಿಗೂ ಬಂತು. ಇಬ್ಬರೂ ಹೊಲದ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಟ್ಟೆಯನ್ನು ಮಡಿಚಲು ಅವರೇ ಒಂದು ಕಡೆ ಹಿಡಿದರು.

ಸಂಜೆ ಸಾರಕ್ಕಿಗೆ ಬಂದಾಗ ಬೀದಿಯ ನಲ್ಲಿಯ ಮುಂದೆ ಕೊಡಗಳ ಸಾಲಿತ್ತು. ಅಪ್ಪ ಡ್ಯೂಟಿಗೆ ಹೋಗುವ ಮೊದಲು ಟೀ ಅಂಗಡಿಯಲ್ಲಿ ಹೇಳಿ ಹೋಗಿದ್ದನಂತೆ. ಇಡೀ ಬೀದಿಗೆ ಗೊತ್ತಾಗಿತ್ತು. ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ನಾನು ತಿರುವಿನಿಂದ ಬರುತ್ತಿರುವಾಗಲೇ ಪಕ್ಕದ ಮನೆಯವರು ಅಮ್ಮನನ್ನು ಕೇಳುತ್ತಿದ್ದರು. "ಏನ್ ಮುನಿಯಮ್ಮ, ನಿನ್ನ ಮಗಳು ಮೇಲಿಂದ ಬಿದ್ಲಂತೆ?"

ಅಮ್ಮ ಕೊಡ ಕೆಳಗಿಟ್ಟಳು.

"ಬಿದ್ದಿದ್ರೆ ಹಿಂಗೆ ನಡ್ಕೊಂಡು ಬರ್ತಿದ್ಲಾ? ಕಣ್ಣು ಕಾಣಲ್ವಾ? ಹಾರಿ ಬಂದವ್ಳೆ. ದಾರಿ ಬಿಡಿ."

ಸಾಲಿನಲ್ಲಿದ್ದವರು ಕೊಡಗಳನ್ನು ಪಕ್ಕಕ್ಕೆ ಸರಿಸಿದರು. ನಾನು ಅವರ ನಡುವೆ ನಡೆದು ಮನೆಯೊಳಗೆ ಹೋದೆ. ಹಿಂದೆಯೇ ಬಂದ ಅಮ್ಮ ಬಾಗಿಲು ಹಾಕಿಕೊಂಡು, ಮಳೆಗಾಲದಿಂದ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಒಟ್ಟಿಗೇ ಬೈದಳು. ಪೂರ್ತಿ ಕೇಳಿಸಿಕೊಂಡೆ.

ಮುಂದಿನ ಭಾನುವಾರ ಮತ್ತೆ ಜೆ.ಪಿ. ನಗರದ ಬಯಲಿಗೆ ಹೋದೆ.